ದುರ್ಗದ ಗಾಳಿಗೆ ಜೀಪಿನ ಆನಿಂಗ್: ಎಡಕ್ಕೋ, ಹಿಂದಕ್ಕೋ, ಮೂಲೆಗೋ?

ಗಾಡಿಯ ಚಾವಣಿಯ ಕ್ಯಾರಿಯರ್‌ಗೆ ಕೂರಿಸಿ ಪಕ್ಕಕ್ಕೆ ಎಳೆದು ಬಿಚ್ಚುವ ಆನಿಂಗ್, ಅಂದರೆ ನೆರಳುಬಟ್ಟೆಯ ಬಗ್ಗೆ ಈ ವಿಮರ್ಶೆ. ಅಳತೆ 2 ಮೀಟರ್ ಅಗಲ, ಹೊರಕ್ಕೆ 2.5 ಮೀಟರ್ ಚಾಚು. ಪಿವಿಸಿ ಚೀಲದೊಳಗೆ ಸುತ್ತಿಟ್ಟ ಬಟ್ಟೆ, ಅಲ್ಯೂಮಿನಿಯಂ ಬೆನ್ನುಪಟ್ಟಿ, ಎರಡು ಕಾಲು, ಎರಡು ತೋಳು, ಒಂದು ಜೊತೆ ಎಲ್ ಬ್ರಾಕೆಟ್. ಯಾವ ಕಂಪನಿಯದು ಕೊಂಡರೂ ಒಳಗಿರುವುದು ಹೆಚ್ಚುಕಡಿಮೆ ಇಷ್ಟೇ, ತೂಕ 10ರಿಂದ 15 ಕೆ.ಜಿ. ಬಟ್ಟೆ ಗಟ್ಟಿಯಿದೆಯೇ, ಹೊಲಿಗೆ ಸರಿಯಿದೆಯೇ ಎಂದು ಎಲ್ಲರೂ ನೋಡುತ್ತಾರೆ. ಆದರೆ ಗುಡ್ಡದ ಸಾಲಿಗೆಲ್ಲ ಗಾಳಿಯಂತ್ರ ನೆಟ್ಟಿರುವ ಚಿತ್ರದುರ್ಗದಲ್ಲಿ ಇದು ಬಾಳುವುದು ಗಾಡಿಯ ಯಾವ ಜಾಗಕ್ಕೆ, ಎಂಥ ಬ್ರಾಕೆಟ್ ಮೇಲೆ ಕೂರಿಸಿದ್ದೀರಿ ಎಂಬುದರ ಮೇಲೆ.

ಬಿಚ್ಚಿದರೆ 5 ಚದರ ಮೀಟರ್ ಬಟ್ಟೆ. ಗಂಟೆಗೆ 40 ಕಿ.ಮೀ. ಗಾಳಿ ಅಡಿಯಿಂದ ನುಗ್ಗಿದರೆ ಸುಮಾರು 38 ಕೆ.ಜಿ.ಯಷ್ಟು ಮೇಲಕ್ಕೆತ್ತುತ್ತದೆ, 60 ಕಿ.ಮೀ. ಆದರೆ 85 ಕೆ.ಜಿ. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಆಷಾಢದಲ್ಲಿ ಮಾರಿಕಣಿವೆ ಹಿನ್ನೀರಿನ ಬಯಲಲ್ಲೋ ಸೂಳೆಕೆರೆ ಏರಿಯ ಹತ್ತಿರವೋ ಬಿಚ್ಚುವವರು ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಜಾಗ ಆರಿಸಬೇಕು.

ನಮ್ಮ ಆಯ್ಕೆ ಎಡಬದಿ. ರಸ್ತೆ ಪಕ್ಕ ನಿಲ್ಲಿಸಿದಾಗ ಎಡಕ್ಕೆ ಹೊಲ, ಬಲಕ್ಕೆ ಓಡಾಡುವ ಲಾರಿ. ಹೆದ್ದಾರಿ 48ರ ಅಂಚಿನಲ್ಲಿ ಬಲಗಡೆ ನೆರಳು ಬಿಚ್ಚಲು ಸಾಧ್ಯವೇ ಇಲ್ಲ. ಇನ್ನೊಂದು ಕಾರಣ ಗಾಳಿ ಮತ್ತು ಬಿಸಿಲು. ಮುಂಗಾರಿನ ಗಾಳಿ ಪಡುವಣ, ನೈಋತ್ಯದಿಂದ ಬರುತ್ತದೆ; ಮಧ್ಯಾಹ್ನದ ನಂತರದ ಬಿಸಿಲೂ ಪಡುವಣದ್ದೇ. ಮೂತಿ ದಕ್ಷಿಣಕ್ಕೆ ಮಾಡಿ ನಿಲ್ಲಿಸಿದರೆ ಎಡಬದಿ ಪೂರ್ವಕ್ಕೆ ಬೀಳುತ್ತದೆ. ಗಾಡಿಯ ಮೈ ಗಾಳಿಗೂ ಇಳಿಬಿಸಿಲಿಗೂ ಅಡ್ಡ ನಿಲ್ಲುತ್ತದೆ, ಬಟ್ಟೆಯ ಕೆಲಸ ಅರ್ಧ ಕಡಿಮೆ. ಬೆಳಿಗ್ಗೆ ತಂಗುವುದಾದರೆ ಮೂತಿ ಉತ್ತರಕ್ಕೆ ತಿರುಗಿಸಿ, ಆದರೆ ಆಗ ಬಟ್ಟೆ ಗಾಳಿಗೆ ಎದುರಾಗುವುದರಿಂದ ಆಷಾಢದಲ್ಲಿ ಬೇಡ. ಚಿತ್ರದುರ್ಗ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ನೆರಳು ಬಟ್ಟೆಯ ನೇರ ಕೆಳಗೇ ಬೀಳುತ್ತದೆ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲುತ್ತಾನೆ. 2 ಮೀಟರ್ ಎತ್ತರದ ಆನಿಂಗ್‌ನ ನೆರಳು ಒಂದೂವರೆ ಮೀಟರ್ ಉತ್ತರಕ್ಕೆ ಸರಿಯುತ್ತದೆ. ಮೂತಿ ದಕ್ಷಿಣಕ್ಕಿದ್ದರೆ ಆ ನೆರಳು ಹಿಂಬಾಗಿಲ ಕಡೆಗೆ, ಅಂದರೆ ಒಲೆ ಹಚ್ಚುವ ಜಾಗದ ಕಡೆಗೆ ಬರುತ್ತದೆ.

ಎಡಬದಿಗೆ ಒಂದು ಕೊರತೆಯಿದೆ, ಅದು ಜಾಲಿ. ಬಂಡಿಜಾಡಿನಲ್ಲಿ ಎದುರಿನ ಟ್ರ್ಯಾಕ್ಟರ್‌ಗೆ ಜಾಗ ಬಿಡಲು ಎಡಕ್ಕೇ ಸರಿಯಬೇಕು, ಮುಳ್ಳುಕೊಂಬೆ ಉಜ್ಜುವುದೂ ಎಡಕ್ಕೇ. ಚೀಲ ಪಕ್ಕದ ಕನ್ನಡಿಗಿಂತ ಹೊರಗೆ ಚಾಚಿಕೊಂಡಿದ್ದರೆ ಕೆಲವೇ ದಿನದಲ್ಲಿ ಹರಿಯುತ್ತದೆ. ಕ್ಯಾರಿಯರ್‌ನ ಅಂಚಿಗೆ ಆದಷ್ಟು ಒತ್ತಿ ಕೂರಿಸಿ. ಗಾಡಿಯ ಮೈಗೆ ಮಾತ್ರ 15ರಿಂದ 20 ಮಿ.ಮೀ. ಸಂದು ಬಿಡಿ. ಹೊಂಡದಲ್ಲಿ ಕ್ಯಾರಿಯರ್ ತೊನೆಯುತ್ತದೆ, ಸಂದಿಲ್ಲದಿದ್ದರೆ ಬಣ್ಣ ಕಿತ್ತುಬರುತ್ತದೆ.

ಎತ್ತರದ ವಿಚಾರ ಗಾಡಿಯಿಂದ ಗಾಡಿಗೆ ಬೇರೆ. ಬ್ರಾಕೆಟ್ಟನ್ನು ಕ್ಯಾರಿಯರ್‌ನ ಅಡ್ಡಪಟ್ಟಿಯ ಮೇಲಕ್ಕೆ ತಿರುಗಿಸಿ ಕೂರಿಸಿದರೆ ತಲೆ ತಾಗುವುದಿಲ್ಲ. ಆದರೆ ಓಡುವಾಗ ಸದ್ದು ಹೆಚ್ಚು, ಮರದ ಕೊಂಬೆಗೂ ಸಿಕ್ಕುತ್ತದೆ. ಕೆಳಮುಖವಾಗಿ ಕೂರಿಸಿದರೆ ಸದ್ದಿಲ್ಲ, ಆದರೆ ಬಾಗಿಲ ಮೇಲಂಚು ಚೀಲಕ್ಕೆ ತಾಗಬಹುದು. 1,720 ಮಿ.ಮೀ. ಎತ್ತರದ ಜಿಮ್ನಿಗೆ ಮೇಲ್ಮುಖವೇ ಸರಿ. ಅದಕ್ಕಿಂತ ಎತ್ತರದ ಗಾಡಿಗೆ ಕೆಳಮುಖ ಸಾಕು. ಬೋಲ್ಟ್ ಬಿಗಿಯುವ ಮೊದಲು ಚೀಲವನ್ನು ಹಗ್ಗದಲ್ಲಿ ಕಟ್ಟಿ, ಎರಡೂ ಎಡಬಾಗಿಲುಗಳನ್ನು ಪೂರ್ತಿ ತೆರೆದು ನೋಡಿ. ಎರಡು ಬೆರಳು ಸಂದು ಉಳಿಯಬೇಕು. ಚೀಲದ ಮುಂದಿನ ತುದಿ ಮುಂಗಾಜನ್ನು ದಾಟಬಾರದು. ದಾಟಿದರೆ ಗಾಜಿನಿಂದ ಮೇಲೇಳುವ ಗಾಳಿ ನೇರ ಅದರ ಅಡಿಗೆ ನುಗ್ಗಿ ಮುಂದಿನ ಬ್ರಾಕೆಟ್ಟನ್ನು ದಿನವೂ ಅಲುಗಿಸುತ್ತದೆ. ಹೆಚ್ಚಾದ ಉದ್ದವನ್ನು ಹಿಂದಕ್ಕೆ ತಳ್ಳಿ.

ಪೆಟ್ಟಿಗೆಯೊಂದಿಗೆ ಬರುವ ಬ್ರಾಕೆಟ್ ಈ ಸಾಮಾನಿನ ದುರ್ಬಲ ಭಾಗ. 3 ಮಿ.ಮೀ. ತಗಡು ನಮ್ಮ ರಸ್ತೆಗೆ ತಡೆಯುವುದಿಲ್ಲ, ಮೂಲೆಯಲ್ಲಿ ಮೆಲ್ಲಗೆ ಬಾಗಿ ಆನಿಂಗ್ ಮುಂದಕ್ಕೆ ಜೋತುಬೀಳುತ್ತದೆ. ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ವೆಲ್ಡಿಂಗ್ ಶಾಪಿನಲ್ಲಿ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪಟ್ಟಿಯಿಂದ ಎಲ್ ಮಾಡಿಸಿ, ಒಳಮೂಲೆಗೆ ತ್ರಿಕೋನ ತುಂಡು ಬೆಸೆಸಿ, ರೆಡಾಕ್ಸೈಡ್ ಹೊಡೆದು ಬಣ್ಣ ಬಳಿಸಿ. 2 ಮೀಟರಿಗೆ ಎರಡು ಸಾಕು, 2.5 ಮೀಟರ್ ಅಗಲದ್ದಾದರೆ ಮೂರು ಬೇಕು. ಕ್ಯಾರಿಯರ್‌ನ ಕಾಲು ಎಲ್ಲಿ ಚಾವಣಿಗೆ ಊರಿದೆಯೋ ಆ ಸಾಲಿನಲ್ಲೇ ಬ್ರಾಕೆಟ್ ಬರಲಿ. ಬೆನ್ನುಪಟ್ಟಿಯ ತೋಡಿನೊಳಗೆ ಜಾರುವ ಎಂ8 (8 ಮಿ.ಮೀ.) ಬೋಲ್ಟ್, ಅಗಲ ವಾಷರ್, ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಹಾಕಿ. ಸಾದಾ ನಟ್ಟು ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಗಿತ 15ರಿಂದ 20 ನ್ಯೂಟನ್ ಮೀಟರ್ ದಾಟಬಾರದು, ದಾಟಿದರೆ ಬೋಲ್ಟಿನ ತಲೆ ಅಲ್ಯೂಮಿನಿಯಂ ತುಟಿಯನ್ನು ಹರಿದುಕೊಂಡು ಹೊರಬರುತ್ತದೆ. ಸ್ಟೀಲೂ ಅಲ್ಯೂಮಿನಿಯಮ್ಮೂ ತಾಗುವಲ್ಲಿ ನೈಲಾನ್ ವಾಷರ್ ಇಡಿ, ಇಲ್ಲದಿದ್ದರೆ ಮಳೆನೀರು ಸೇರಿ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ. ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಸಡಿಲಾದದ್ದು ಕಣ್ಣಿಗೇ ಕಾಣುತ್ತದೆ. ಮೊದಲ 100 ಕಿ.ಮೀ. ನಂತರ ಒಮ್ಮೆ ಸ್ಪ್ಯಾನರ್ ಹಾಕಲೇಬೇಕು.

ಹಿಂಬದಿಗೆ ಕಟ್ಟುವ ಆಸೆ ಕೆಲವರಿಗಿದೆ. ಮೂರು ಬಾಗಿಲಿನ ಥಾರ್‌ನ ಹಿಂಗಾಜೂ ಫಾರ್ಚೂನರ್‌ನ ಹಿಂಬಾಗಿಲೂ ಮೇಲಕ್ಕೆ ಏಳುವುದರಿಂದ ಅವುಗಳಲ್ಲಿ ಚೀಲಕ್ಕೆ ಡಿಕ್ಕಿ ಹೊಡೆಯುತ್ತವೆ. ಜಿಮ್ನಿಯ ಹಿಂಬಾಗಿಲು ಬಲಕ್ಕೆ ತೆರೆಯುತ್ತದೆ, ಹಾಗಾಗಿ ಎಡಬದಿಯ ಆನಿಂಗ್‌ನಿಂದ ಸಾಮಾನು ತೆಗೆಯಲು ದಾರಿ ನೇರ; ಅಲ್ಲಿಗೂ ಹಿಂಬದಿ ಬೇಕಿಲ್ಲ. ಹಿಂಮೂಲೆಯಿಂದ 270 ಡಿಗ್ರಿ ಸುತ್ತುವ ಆನಿಂಗ್ ನೆರಳಿನ ಮಟ್ಟಿಗೆ ಬಹಳ ಒಳ್ಳೆಯದು, ಆದರೆ ತೂಕ 20 ಕೆ.ಜಿ. ಮೀರುತ್ತದೆ, ಬಿಚ್ಚಿದಾಗ ಭಾರವೆಲ್ಲ ಹಿಂಮೂಲೆಯ ಒಂದೇ ಕೀಲಿನ ಮೇಲೆ. ಎಡದ್ದು ಬಲಕ್ಕೆ ಆಗದು, ಆರ್ಡರ್ ಕೊಡುವಾಗಲೇ ಬದಿ ಹೇಳಬೇಕು. ಆಷಾಢದಲ್ಲೂ ಹೊರಡುವವರಿಗೆ ಅದನ್ನು ನಾವು ಹೇಳುವುದಿಲ್ಲ.

ಕ್ಯಾರಿಯರ್ ಬಗ್ಗೆ ಎರಡು ಮಾತು. ಓಡುವಾಗ ಚಾವಣಿ ತಡೆಯುವ ಭಾರ ಮ್ಯಾನುಯಲ್‌ನಲ್ಲಿದೆ, ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರುತ್ತದೆ. ಕಬ್ಬಿಣದ ಭಾರಿ ಕ್ಯಾರಿಯರ್ ಹಾಕಿದವರಿಗೆ ಆನಿಂಗ್‌ಗೆ ಉಳಿಯುವುದು ಅಲ್ಪ. ಚಾವಣಿಯ ಅಂಚಿನಲ್ಲಿ ನೀರುದೋಣಿ ಇರುವ ಜಿಮ್ನಿಗೆ ಅದನ್ನೇ ಹಿಡಿಯುವ ಕ್ಲಾಂಪ್ ಸಾಕು, ತೂತು ಕೊರೆಯಬೇಡಿ. ಥಾರ್‌ನ ಮೂರು ಬಾಗಿಲಿನ ಹಾರ್ಡ್‌ಟಾಪ್ ತಗಡಿನದಲ್ಲ. ಅದಕ್ಕೆ ನೇರ ಬೋಲ್ಟ್ ಹೊಡೆದರೆ ಸೀಳುತ್ತದೆ.

ಪೆಟ್ಟಿಗೆಯಲ್ಲಿನ ತೆಳು ಗೂಟಗಳನ್ನು ಬದಿಗಿಡಿ. ಎರೆಭೂಮಿ ನೆನೆದರೆ ಅವು ಬೆಣ್ಣೆಯಿಂದ ಕಿತ್ತಂತೆ ಬರುತ್ತವೆ, 30 ಸೆಂ.ಮೀ.ಗಿಂತ ಉದ್ದದ, 10 ಮಿ.ಮೀ. ಸರಳಿನ ಗೂಟ ಮಾಡಿಸಿ, ಹಗ್ಗದ ಎಳೆತಕ್ಕೆ ಎದುರು ಓರೆಯಾಗಿ ಹೊಡೆಯಿರಿ. ದುರ್ಗದ ಬಂಡೆಯ ಮೇಲೆ ಗೂಟ ಇಳಿಯದು. ಅಲ್ಲಿ ಪ್ರತಿ ಕಾಲಿಗೆ 20 ಲೀಟರ್ ನೀರಿನ ಕ್ಯಾನ್ ಕಟ್ಟಿ, ಹಗ್ಗವನ್ನು ಕಾಲಿನ ತುದಿಯಿಂದ ಎರಡು ದಿಕ್ಕಿಗೆ ಎಳೆಯಿರಿ. ಎರಡು ಕ್ಯಾನ್ ಸೇರಿ 40 ಕೆ.ಜಿ., ಮೇಲಿನ ಲೆಕ್ಕದ ಪ್ರಕಾರ 40 ಕಿ.ಮೀ. ಗಾಳಿಗೆ ಸರಿಹೋಯಿತು, ಅದಕ್ಕೂ ಜೋರಾದರೆ ಸುತ್ತಿಬಿಡಿ. ಮಳೆಯಿದ್ದರೆ ಒಂದು ಕಾಲನ್ನು ಒಂದು ಗೇಣು ತಗ್ಗಿಸಿ, ನೀರು ನಡುವೆ ನಿಂತರೆ ತೋಳು ಬಾಗುತ್ತದೆ.

ಕೆಂಪುಧೂಳು ಚೀಲದ ಜಿಪ್ಪಿಗೆ ಸೇರಿ ಹಲ್ಲು ಕಿತ್ತುಹೋಗುವುದು ಇಲ್ಲಿ ಸಾಮಾನ್ಯ. ಒಣ ಬ್ರಷ್ಷಿನಲ್ಲಿ ಧೂಳು ತೆಗೆದು ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಿದರೆ ಧೂಳು ಇನ್ನೂ ಅಂಟುತ್ತದೆ. ಒದ್ದೆ ಬಟ್ಟೆ ಸುತ್ತಿಕೊಂಡು ಬಂದಿದ್ದರೆ ಮನೆಗೆ ತಲುಪಿದ ಮಾರನೆಯ ದಿನವೇ ಬಿಚ್ಚಿ ಒಣಗಿಸಿ. ಬೂಸ್ಟು ಹಿಡಿದರೆ ಮೊದಲು ಹೋಗುವುದು ಹೊಲಿಗೆಯ ಅಂಚಿನ ಜಲನಿರೋಧಕ ಲೇಪ.