ಮುರಿದ ವೀಲ್ ಸ್ಟಡ್: ಸುತ್ತಿಗೆಯೋ ಪುಲ್ಲರೋ, ಗನ್ನೋ ವಾಷರೋ?

ಪಂಕ್ಚರ್ ಹಾಕಿಸಿಕೊಂಡು ಬಂದ ಕಾರಿನ ಮುಂದಿನ ಚಕ್ರವನ್ನು ಮನೆಯಲ್ಲಿ ಬಿಚ್ಚಲು ಹೋದೆ. ಚಕ್ರದ ನಟ್ ಕೂರುವ ಬೋಲ್ಟು, ಅಂದರೆ ಸ್ಟಡ್ಡು, ಟಕ್ ಅಂತ ಮುರಿದು ನಟ್ಟಿನ ಜೊತೆಗೇ ಕೈಗೆ ಬಂತು. ಯಾರೋ ನಟ್ಟನ್ನು ಸೊಟ್ಟಗೆ ಕೂರಿಸಿ, ಏಟು ಕೊಡುತ್ತಾ ನಟ್ ತಿರುಗಿಸುವ ಇಂಪ್ಯಾಕ್ಟ್ ಗನ್ನಿನಲ್ಲಿ ಬಿಗಿದಿದ್ದರು. ಪಕ್ಕದ ಸ್ಟಡ್ಡಿನ ಥ್ರೆಡ್ಡೂ ಹಾಳಾಗಿತ್ತು. ನಾಲ್ಕರಲ್ಲಿ ಎರಡು ಹೋಯಿತು! ಸರಿ, ಎರಡಿದ್ದರೆ ಎರಡು ದಾರಿ ನೋಡಬಹುದಲ್ವಾ ಅಂತ ಹೊಸ ಸ್ಟಡ್ ಮೂರು ತಂದೆ. ಒಂದು ನಾನೇ ಕೆಡಿಸುವುದಕ್ಕೆ.

ಮೊದಲ ಕೆಲಸ ಎಲ್ಲದಕ್ಕೂ ಒಂದೇ. ಕಾರನ್ನು ಜಾಕಿನ ಮೇಲಷ್ಟೇ ಬಿಡದೆ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಡಿಸ್ಕನ್ನು ಹಿಡಿದು ಬ್ರೇಕ್ ಹಾಕುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ನೇತುಹಾಕಿದೆ, ಬ್ರೇಕ್ ಪೈಪಿನ ಮೇಲೆ ಭಾರ ಬೀಳಬಾರದು. ಡಿಸ್ಕ್ ಕಳಚಿದೆ. ಸ್ಟಡ್ಡುಗಳು ಕೂತಿರುವ ಹಬ್ ತಿರುಗಿಸುತ್ತಾ ಹೋದರೆ ಹಿಂದೆ ಒಂದು ಕಡೆ ಜಾಗ ಸಿಗುತ್ತದೆ. ಸ್ಟಡ್ಡಿನ ತಲೆ ಹೊರಗೆ ಬರುವುದು ಅಲ್ಲೇ.

ಮುರಿದಿದ್ದನ್ನು ಸುತ್ತಿಗೆಯಲ್ಲಿ ಹೊಡೆದೆ. ಏಳೆಂಟು ಏಟಿಗೂ ಜಗ್ಗಲಿಲ್ಲ, ಆಮೇಲೆ ಒಂದೇ ಸಲಕ್ಕೆ ಹಾರಿ ಬಿತ್ತು. ಬಂತೇನೋ ನಿಜ, ಆದರೆ ಪ್ರತಿ ಏಟೂ ನೇರ ವೀಲ್ ಬೇರಿಂಗಿಗೇ ಹೋಗುತ್ತದೆ. ಬೇರಿಂಗಿನ ಗುಂಡುಗಳು ಓಡುವ ದಾರಿಯಲ್ಲಿ ತಗ್ಗು ಬಿದ್ದರೆ ಆಮೇಲೆ ಗುಂಯ್ ಅನ್ನುತ್ತಾ ಓಡಾಡಬೇಕು. ಎರಡನೆಯದಕ್ಕೆ ಬಾಲ್ ಜಾಯಿಂಟ್ ಪುಲ್ಲರ್ ಹಾಕಿದೆ. ಅದರ ಕವೆ ಹಬ್ಬಿನ ಹಿಂದೆ, ಸ್ಕ್ರೂ ಸ್ಟಡ್ಡಿನ ತುದಿಗೆ. ಸ್ಪ್ಯಾನರಿನಲ್ಲಿ ನಿಧಾನಕ್ಕೆ ತಿರುಗಿಸಿದೆ. ಟಪ್ ಅಂತ ಒಂದು ಸದ್ದು, ಅಷ್ಟೇ, ಈಚೆ ಬಂತು. ಕವೆ ಕೂರುವಷ್ಟು ಜಾಗವಿದ್ದರೆ ಸುತ್ತಿಗೆ ಮುಟ್ಟಲೇಬೇಡಿ.

ಹೊಸದನ್ನು ಒಳಗೆ ಎಳೆಯುವುದರಲ್ಲೇ ನಿಜವಾದ ಪೈಪೋಟಿ. ಸ್ಟಡ್ಡಿನ ಕುತ್ತಿಗೆಯ ಸುತ್ತ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಅವು ಹಬ್ಬಿನ ತೂತಿನಲ್ಲಿ ಕಚ್ಚಿಕೊಂಡರೆ ಮಾತ್ರ ಸ್ಟಡ್ ತಿರುಗದೆ ನಿಲ್ಲುತ್ತದೆ. ಕೊಳ್ಳುವಾಗ ಥ್ರೆಡ್ ಜೊತೆಗೆ ಈ ಹಲ್ಲಿನ ಭಾಗದ ದಪ್ಪ, ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ನೋಡಬೇಕು. 12 ಮಿಲಿಮೀಟರಿನ ಸ್ಟಡ್ಡಿನಲ್ಲೇ 1.25 ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ) ಇದೆ, 1.5 ಪಿಚ್ ಇದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲ ತೂತಿಗೆ ಇಂಪ್ಯಾಕ್ಟ್ ಗನ್. ಸ್ಟಡ್ ಮುರಿಯಲು ಕಾರಣವಾದ ಯಂತ್ರದಲ್ಲೇ ಹೊಸದನ್ನು ಕೂರಿಸಹೊರಟಿದ್ದೆ ನೋಡಿ. ಕೆಲವೇ ಸೆಕೆಂಡಿಗೆ ಕೆಲಸ ಮುಗಿಯಿತು. ಆದರೆ ಕೂತಿದ್ದು ಯಾವಾಗ, ಹೆಚ್ಚು ಎಳೆದಿದ್ದು ಯಾವಾಗ ಅನ್ನೋದು ಕೈಗೆ ಗೊತ್ತೇ ಆಗಲಿಲ್ಲ. ನಟ್ ಬಿಚ್ಚಿ ಮತ್ತೆ ಕೈಯಲ್ಲಿ ಹಾಕಿದರೆ ನಡುವೆ ಒಂದು ಕಡೆ ತಡೆಯಿತು. ಥ್ರೆಡ್ ಎಳೆದುಕೊಂಡಿತ್ತು. ಪುಲ್ಲರ್ ಹಾಕಿ ಅದನ್ನೂ ಕಿತ್ತೆಸೆದೆ.

ಅದೇ ತೂತಿಗೆ ವಾಷರ್ ವಿಧಾನ. ಐದು ದಪ್ಪ ವಾಷರ್ ಪೇರಿಸಿ, ನಡುನಡುವೆ ಗ್ರೀಸ್ ಸವರಿ, ಮೇಲೆ ನಟ್ಟನ್ನು ತಲೆಕೆಳಗು ಮಾಡಿ ಹಾಕಿದೆ. ಚಪ್ಪಟೆ ಮುಖ ವಾಷರಿನ ಕಡೆಗಿರಬೇಕು, ಮೊನಚು ಕಡೆ ಇಟ್ಟರೆ ಕಚ್ಚಿಕೊಳ್ಳುತ್ತದೆ. ಆ ಕಡೆ ಈ ಕಡೆ ತೂತಿರುವ ನಟ್ಟೇ ಆಗಬೇಕು, ಟೋಪಿ ನಟ್ಟಾದರೆ ಸ್ಟಡ್ಡಿನ ತುದಿ ಒಳಗೆ ತಾಗಿ ನಿಂತುಬಿಡುತ್ತದೆ. ಆ ನಟ್ಟನ್ನು ಮತ್ತೆ ಚಕ್ರಕ್ಕೆ ಬಳಸಬೇಡಿ.

ಹಬ್ ತಿರುಗುತ್ತಿತ್ತು. ತಮ್ಮನಿಗೆ "ಬ್ರೇಕ್ ಒತ್ತೋ" ಅಂತ ಹೇಳೋಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ನೇತಾಡುತ್ತಿದ್ದ ಕ್ಯಾಲಿಪರ್ ಕಣ್ಣಿಗೆ ಬಿತ್ತು. ಒತ್ತಿದ್ದರೆ ಪಿಸ್ಟನ್ನೇ ಹೊರಗೆ ಬರುತ್ತಿತ್ತು. ಉಳಿದ ಎರಡು ಸ್ಟಡ್ಡಿಗೆ ನಟ್ ಹಾಕಿ, ನಡುವೆ ಕಬ್ಬಿಣದ ಸಲಾಕೆ ಕೊಟ್ಟು ಅವನ ಕೈಗೆ ಹಿಡಿಸಿದೆ. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಕಾಲು ಸುತ್ತಿಗೊಮ್ಮೆ ಕಿರ್ರ್ ಅನ್ನುತ್ತಾ ಬಂತು, ಕೊನೆಗೆ ಒಮ್ಮೆಲೇ ಗಟ್ಟಿಯಾಯಿತು. ಅಲ್ಲೇ ನಿಲ್ಲಿಸಿ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ತಲೆ ಹಬ್ಬಿಗೆ ಅಂಟಿ ಕೂತಿತ್ತು, ಕೂದಲೆಳೆಯಷ್ಟೂ ಸಂದಿಲ್ಲ. ಮೇಲಿನ ವಾಷರಿನ ಮೇಲೆ ಮಾತ್ರ ಬಳೆ ಬಳೆಯಾಗಿ ಗೀರು ಬಿದ್ದಿತ್ತು.

ಎರಡನೇ ತೂತಿಗೆ ಒಳಗೇ ಬೇರಿಂಗ್ ಇರುವ ಸ್ಟಡ್ ಇನ್‌ಸ್ಟಾಲರ್. ಬೆಣ್ಣೆಯಂತೆ ಎಳೆಯಿತು, ಕಿರ್ರ್ ಸದ್ದೂ ಇಲ್ಲ. ಸುಖ ಅಂದರೆ ಇದೇ. ಆದರೂ ಒಂದೆರಡು ಸ್ಟಡ್ಡಿಗಾಗಿ ನಾನಂತೂ ಇದನ್ನು ಕೊಳ್ಳುವುದಿಲ್ಲ. ಐದು ವಾಷರ್ ಮಾಡಿದ್ದೂ ಅದೇ ಕೆಲಸ, ತೋಳಿಗೆ ಸ್ವಲ್ಪ ಜಾಸ್ತಿ ಬೆವರು ಅಷ್ಟೇ. ಸ್ನೇಹಿತನಿಂದ ತಂದಿದ್ದೆ, ಒರೆಸಿ ವಾಪಸ್ ಕೊಟ್ಟೆ.

ಥ್ರೆಡ್ಡಿಗೆ ತಾಗಿದ ಗ್ರೀಸನ್ನು ಪೂರ್ತಿ ಒರೆಸಿ, ಚಕ್ರ ಹಾಕಿ, ಎದುರುಬದುರು ನಟ್ಟುಗಳನ್ನು, ಹೊಂದಿಸಿದಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವ ಟಾರ್ಕ್ ರೆಂಚಿನಲ್ಲಿ ಬಿಗಿದೆ. ನನ್ನ ಕಾರಿನ ಕೈಪಿಡಿಯಲ್ಲಿ 103 ನ್ಯೂಟನ್ ಮೀಟರ್ ಅಂತಿದೆ, ನಿಮ್ಮದರಲ್ಲಿ ಬೇರೆ ಇರಬಹುದು. 80 ಕಿಲೋಮೀಟರ್ ಓಡಿಸಿ ಮತ್ತೆ ರೆಂಚ್ ಹಾಕಿದೆ. ಹಳೆಯ ಎರಡು ಅಲ್ಲಾಡಲಿಲ್ಲ. ಹೊಸ ಎರಡೂ ಕ್ಲಿಕ್ ಅನ್ನುವ ಮೊದಲು ಚೂರು ತಿರುಗಿದವು.