ಲೇಸರ್ ಮೀಟರ್ ತಗೊಳ್ಳುವ ಮೊದ್ಲು ಅದ್ರ ತ್ರಿಕೋನ ಬಟನ್ ಬಗ್ಗೆ ಸ್ವಲ್ಪ

ತಾರಸಿಗೆ ಶೀಟ್ ಹಾಕಿಸ್ಲಿಕ್ಕೆ ಹೊರಟವ್ರಿಗೆ, ಏಣಿ ಹತ್ತದೆ ಮಾಡಿನ ಎತ್ತರ ಗೊತ್ತಾಗ್ಬೇಕು ಅಂತ ಇರುವವ್ರಿಗೆ ಲೇಸರ್ ಚುಕ್ಕಿ ಬಿಟ್ಟು ದೂರ ಅಳೆಯುವ ಈ ಪುಟ್ಟ ಮೀಟರ್ ಒಳ್ಳೆದುಂಟು. ನಾನು ತಗೊಂಡದ್ದು ಮಂಗಳೂರು ಬಂದರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ, ಎರಡು ಸಾವಿರದ ಆಸುಪಾಸು, 40 ಮೀಟರ್ ರೇಂಜ್, 2 ಮಿಲಿಮೀಟರ್ ಆಚೀಚೆ ಅಂತ ಬಾಕ್ಸ್ ಮೇಲೆ ಬರ್ದಿದ್ದಾರೆ. ರೂಮಿನ ಉದ್ದ ಅಗಲಕ್ಕೆ ಎಂತ ತಕರಾರೂ ಇಲ್ಲ, ಟೇಪ್ ಹಿಡ್ದು ನೋಡಿದ್ರೂ ಅದೇ ಬರ್ತದೆ.

ವಿಷ್ಯ ಇರೋದು ತ್ರಿಕೋನದ ಚಿತ್ರ ಇರುವ ಬಟನ್‌ದು. ಅದನ್ನು ಒತ್ತಿ ಮೊದ್ಲು ಗೋಡೆಯ ತುದಿಗೆ ಓರೆಯಾಗಿ ಒಂದು ಶಾಟ್, ಆಮೇಲೆ ಗೋಡೆಗೆ ನೇರವಾಗಿ ಒಂದು ಶಾಟ್, ಅಷ್ಟೇ, ಎತ್ತರ ಸ್ಕ್ರೀನ್ ಮೇಲೆ ಬರ್ತದೆ. ಒಳಗೆ ನಡೆಯೋದು ಹೈಸ್ಕೂಲಲ್ಲಿ ಕಲ್ತ ಪೈಥಾಗೊರಸ್ ಪ್ರಮೇಯವೇ, ವಿಕರ್ಣದ ವರ್ಗದಿಂದ ಪಾದದ ವರ್ಗ ಕಳ್ದು ವರ್ಗಮೂಲ ತೆಗೆಯೋದು. ಓರೆ 10 ಮೀಟರ್, ನೇರ 6 ಮೀಟರ್ ಆದ್ರೆ 100ರಲ್ಲಿ 36 ಹೋಗಿ 64, ಎತ್ತರ 8. ಆದ್ರೆ ಈ 8 ನೆಲದಿಂದ ಅಲ್ಲ ಮಾರಾಯ್ರೆ, ಮೀಟರ್ ಇಟ್ಟ ಜಾಗದ ಮಟ್ಟದಿಂದ, ಸ್ಟೂಲ್ ಮೇಲೆ ಇಟ್ಟಿದ್ರೆ ಸ್ಟೂಲಿನ ಎತ್ತರ ಕೂಡಿಸ್ಬೇಕು. ಮ್ಯಾನುವಲ್‌ನಲ್ಲಿ ಇದ್ರ ಬಗ್ಗೆ ಒಂದು ಶಬ್ದ ಇಲ್ಲ.

ಇನ್ನೊಂದು, ಗೋಡೆಗೆ ಹೊಡೆಯುವ ಶಾಟ್ ನಿಜವಾಗಿ ಲಂಬವಾಗಿರ್ಬೇಕು. ಈ ಮಾಡೆಲ್‌ನಲ್ಲಿ ಓರೆ ತಿಳಿಸುವ ಸೆನ್ಸರ್ ಇಲ್ಲ, ನೀವು ತಪ್ಪು ಕೋನದಲ್ಲಿ ಹೊಡೆದ್ರೂ ಅದು ಸುಮ್ನೆ ಲೆಕ್ಕ ಮಾಡಿ ಒಂದು ನಂಬರ್ ಕೊಡ್ತದೆ. ರಸಮಟ್ಟ ಇಟ್ಟು ನೋಡಿ, ಇಲ್ಲಾಂದ್ರೆ ಲೇಸರನ್ನು ಮೆಲ್ಲ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸಿ ಅತಿ ಕಡಿಮೆ ಬರುವ ಅಳತೆ ಹಿಡೀರಿ. ಮೀಟರಿನ ಹಿಂದಿನ ಅಂಚು ಎರಡೂ ಶಾಟಿಗೆ ಒಂದೇ ಜಾಗದಲ್ಲಿ ಇರ್ಬೇಕು, ಕೈಯಲ್ಲೇ ಹಿಡ್ಕೊಂಡು ಹೊಡೆದ್ರೆ ಆಗುದಿಲ್ಲ.

ತುಂಬಾ ದೂರ ನಿಂತು ಕಡಿಮೆ ಎತ್ತರ ಅಳೆಯುವವ್ರು ಇದನ್ನು ಓದಿ. ನೇರ 9.80, ಓರೆ 10.00 ಬಂದ್ರೆ ಎತ್ತರ 1.99 ಮೀಟರ್. ಓರೆಯಲ್ಲಿ ಒಂದೇ ಒಂದು ಸೆಂಟಿಮೀಟರ್ ಹೆಚ್ಚು ಬಂದ್ರೆ ಎತ್ತರ 5 ಸೆಂಟಿಮೀಟರ್ ಹಾರ್ತದೆ! ಮೇಲಿನ 6, 8, 10ರ ತ್ರಿಕೋನದಲ್ಲಿ ಅದೇ ಒಂದು ಸೆಂಟಿಮೀಟರಿಗೆ ಎತ್ತರದಲ್ಲಿ ಬರುವ ವ್ಯತ್ಯಾಸ ಒಂದೂಕಾಲು ಸೆಂಟಿಮೀಟರ್. ಹಾಗಾಗಿ ಗೋಡೆಗೆ ಸ್ವಲ್ಪ ಹತ್ರ ನಿಂತ್ರೆ ಒಳ್ಳೆದು, ಬಾಕ್ಸ್ ಮೇಲಿನ 2 ಮಿಲಿಮೀಟರ್ ನೇರ ಅಳತೆಗೆ ಮಾತ್ರ ಅಂತ ತಿಳ್ಕೊಳ್ಳಿ.

ಶೀಟಿನವ್ರಿಗೆ ಬೇಕಾಗೋದು ಮಾಡಿನ ಓರೆ ಉದ್ದ, ಅದು ಈ ಬಟನ್‌ನಲ್ಲಿ ಬರುದಿಲ್ಲ, ಓರೆಯನ್ನು ನಾವೇ ಅಳ್ದು ಕೊಡ್ಬೇಕಲ್ಲ. ನಮ್ಮ ವೆಲ್ಡಿಂಗಿನವ್ರು ಮೀಟರ್ ನೋಡಿ ನಗಾಡಿದ್ರು, "ಸರ್, ಅರ್ಧ ಅಗಲ 12 ಫೀಟ್, ನಡುವಿಗೆ 5 ಫೀಟ್ ಎತ್ತುದು, ಶೀಟು 13 ಫೀಟ್, ಮಳೆ ಎರಚ್ಲಿಗೆ ಹೊರಗೆ ಎಷ್ಟು ಬಿಡ್ಬೇಕು ಅಂತ ಹೇಳಿ ಸಾಕು" ಅಂದ್ರು. ಲೆಕ್ಕ ಸರಿಯೇ, 144ಕ್ಕೆ 25 ಸೇರಿದ್ರೆ 169. ಅಳತೆಗೆ ಅವ್ರು ತಂದದ್ದು ಒಂದು ಹಳೇ ಟೇಪು.

ಹೊರಗೆ ಬಿಸಿಲಲ್ಲಿ ಕೆಂಪು ಚುಕ್ಕಿ ಕಾಣುದೇ ಇಲ್ಲ, ಕೆಂಪುಕಲ್ಲಿನ ಗೋಡೆ ಮೇಲಂತೂ ಕೇಳ್ಬೇಡಿ, ಬೆಳಿಗ್ಗೆ ಬೇಗ ಅಥವಾ ಸಂಜೆ ಅಳೀರಿ, ಗೋಡೆಗೆ ಒಂದು ಬಿಳಿ ರಟ್ಟು ಅಂಟಿಸಿದ್ರೆ ಇನ್ನೂ ಸುಲಭ. ಮಕ್ಕಳ ಕೈಗೆ ಕೊಡ್ಬೇಡಿ, ಕಣ್ಣಿಗೆ ಹೊಡೀತಾರೆ.

ಐದಕ್ಕೆ ಮೂರೂವರೆ ಸ್ಟಾರ್. ಮ್ಯಾನುವಲ್ ನೆಟ್ಟಗೆ ಬರ್ದಿದ್ರೆ ನಾಲ್ಕು ಕೊಡ್ತಿದ್ದೆ. ಪೌಚ್‌ನೊಳಗೆ ನೀರು ಹೋಗ್ತದೆ, ಮಳೆಗಾಲದಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಇಡಿ.