255, 340, 450: ಟ್ಯಾಂಕ್‌ನೊಳಗಿನ ಮೂರು ಫ್ಯುಯೆಲ್ ಪಂಪ್‌ಗಳ ಹೋಲಿಕೆ

ಟರ್ಬೊ ಕಾರಿನ ಬೂಸ್ಟ್ (ಟರ್ಬೊ ಎಂಜಿನ್‌ಗೆ ಊದುವ ಗಾಳಿಯ ಒತ್ತಡ) ಏರಿಸುವ ಮುನ್ನ ಟ್ಯಾಂಕ್‌ನೊಳಗಿನ ಫ್ಯುಯೆಲ್ ಪಂಪ್ ಬದಲಿಸಬೇಕು ಎಂಬುದರಲ್ಲಿ ತಕರಾರಿಲ್ಲ. ಯಾವುದನ್ನು ಹಾಕುವುದು ಎಂಬಲ್ಲಿ ವಾದ ಶುರುವಾಗುತ್ತದೆ. ಹೆಚ್ಚಿನವರು ಡಬ್ಬಿಯ ಮೇಲಿನ ಲೀಟರ್ ಸಂಖ್ಯೆ ನೋಡಿ ಕೊಳ್ಳುತ್ತಾರೆ. ಆ ಸಂಖ್ಯೆ ನಿಜವಾಗುವುದು ಒತ್ತಡ ಸುಮಾರು 3 ಬಾರ್ ಇದ್ದು, ಪಂಪ್‌ನ ಪಿನ್‌ಗಳಿಗೆ ಪೂರ್ತಿ 13.5 ವೋಲ್ಟ್ ತಲುಪಿದಾಗ. ಫುಲ್ ಬೂಸ್ಟ್‌ನಲ್ಲಿ ಓಡುವ ಕಾರಿನಲ್ಲಿ ಈ ಎರಡೂ ಸಿಗುವುದಿಲ್ಲ.

ಇಲ್ಲಿ ಹೋಲಿಸಿರುವುದು ಮೂರು ಪಂಪ್‌ಗಳನ್ನು: ವಾಲ್‌ಬ್ರೋ ಜಿಎಸ್‌ಎಸ್342 (ಗಂಟೆಗೆ 255 ಲೀಟರ್), ಡಾಯ್ಚ್‌ವರ್ಕ್ಸ್ ಡಿಡಬ್ಲ್ಯೂ300 (340 ಲೀಟರ್), ವಾಲ್‌ಬ್ರೋ ಎಫ್90000267 (450 ಲೀಟರ್). ಕಾರು ಹಳೆಯ ಸುಬಾರು ಡಬ್ಲ್ಯೂಆರ್‌ಎಕ್ಸ್ ಮಾದರಿಯದು: ರಿಟರ್ನ್ ಲೈನ್ (ಹೆಚ್ಚಾದ ಪೆಟ್ರೋಲನ್ನು ಟ್ಯಾಂಕ್‌ಗೆ ಮರಳಿಸುವ ಪೈಪು) ಇರುವ ವ್ಯವಸ್ಥೆ, ಹಿಂದಿನ ಸೀಟಿನ ಕೆಳಗೆ ಪಂಪ್‌ಗೆ ದಾರಿ, ಕುದುರೆ ಜೀನಿನಂತೆ ಎರಡು ಮಡಿಕೆಯ ಟ್ಯಾಂಕ್. ಇದೇ ಜೋಡಣೆಯ ಬೇರೆ ಕಾರುಗಳಿಗೂ ಹೆಚ್ಚಿನ ಮಾತು ಅನ್ವಯಿಸುತ್ತದೆ. ರಿಟರ್ನ್ ಲೈನ್ ಇಲ್ಲದ ಕಾರುಗಳದ್ದು ಬೇರೆಯೇ ಲೆಕ್ಕ.

ಎಷ್ಟು ಪೆಟ್ರೋಲ್ ಬೇಕು

ಪೂರ್ತಿ ಲೋಡ್‌ನಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 270 ಗ್ರಾಂ ಇಂಧನ ಎಂದು ಹಿಡಿಯುವುದು ವಾಡಿಕೆ. ಪೆಟ್ರೋಲ್‌ನ ಸಾಂದ್ರತೆ ಲೀಟರಿಗೆ 0.74 ಕೆಜಿ. ಅಂದರೆ ಹಾರ್ಸ್‌ಪವರ್‌ಗೆ 0.37 ಲೀಟರ್. 300ಕ್ಕೆ 111 ಲೀಟರ್, 400ಕ್ಕೆ 148, 500ಕ್ಕೆ 185. ಇದರ ಮೇಲೆ ಶೇ. 20 ಸೇರಿಸಿಕೊಳ್ಳಿ. ಇ85 (ಶೇ. 85ರವರೆಗೆ ಎಥನಾಲ್ ಬೆರೆತ ಇಂಧನ) ಹಾಕುವುದಾದರೆ ಮೊತ್ತವನ್ನು 1.35ರಿಂದ 1.4ರಷ್ಟು ಹಿಗ್ಗಿಸಿ.

ಹಾಗಾದರೆ 500 ಹಾರ್ಸ್‌ಪವರ್‌ಗೂ 255ರ ಪಂಪ್ ಸಾಕಲ್ಲ ಎನಿಸುತ್ತದೆ. ಸಾಲದು. ರೆಗ್ಯುಲೇಟರ್ ಇಂಧನದ ಒತ್ತಡವನ್ನು ಯಾವಾಗಲೂ ಇಂಟೇಕ್ ಮ್ಯಾನಿಫೋಲ್ಡ್‌ನ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡಕ್ಕಿಂತ 3 ಬಾರ್ ಮೇಲೆ ಹಿಡಿದಿರುತ್ತದೆ. ಬೂಸ್ಟ್ 1.5 ಬಾರ್ ಆದರೆ ಪಂಪ್ ತಳ್ಳಬೇಕಾದ್ದು 4.5 ಬಾರ್ ವಿರುದ್ಧ, ಫಿಲ್ಟರ್ ಮತ್ತು ಪೈಪಿನ ನಷ್ಟ ಬೇರೆ. ಅಷ್ಟು ಒತ್ತಡದಲ್ಲಿ ಜಿಎಸ್‌ಎಸ್342 ಕೊಡುವುದು 200 ಲೀಟರ್ ಆಸುಪಾಸು, 340ರದ್ದು 280ರ ಹತ್ತಿರ, 450ರದ್ದು 400ರ ಹತ್ತಿರ. ಪಂಪ್‌ಗೆ 12 ವೋಲ್ಟ್ ಮಾತ್ರ ಸಿಕ್ಕರೆ ಇದರಲ್ಲಿ ಇನ್ನೂ ಶೇ. 15ರಿಂದ 20 ಕಳೆಯಿರಿ. ಆಗ 255ರ ಪಂಪ್ ನೆಮ್ಮದಿಯಾಗಿ ಸಲಹುವುದು 370 ಹಾರ್ಸ್‌ಪವರ್ ಅಷ್ಟೇ.

255: ಹಳೆಯ ಗಟ್ಟಿಗ

ಜಿಎಸ್‌ಎಸ್342 ಜೆರೋಟರ್ ಮಾದರಿಯದು. ಒಳಗೆ ಒಂದು ಹಲ್ಲುಚಕ್ರ ಇನ್ನೊಂದರೊಳಗೆ ತಿರುಗುತ್ತಾ ಪೆಟ್ರೋಲನ್ನು ಹಿಂಡಿ ತಳ್ಳುತ್ತದೆ. ಒತ್ತಡ ಏರಿದಾಗ ಹರಿವು ಒಮ್ಮೆಲೇ ಕುಸಿಯುವುದಿಲ್ಲ. ಸದ್ದು ಮಾತ್ರ ಜೋರು: ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನಿಂದ ಕೀರಲು ದನಿ, ಟ್ಯಾಂಕ್ ಕಾಲುಭಾಗಕ್ಕೆ ಇಳಿದಾಗ ಇನ್ನಷ್ಟು. ಇದು ಕೆಟ್ಟಿರುವ ಲಕ್ಷಣವಲ್ಲ, ಅದರ ಸ್ವಭಾವ. ನಿನ್ನೆಯವರೆಗೆ ಸುಮ್ಮನಿದ್ದ ಪಂಪ್ ಇಂದು ಕೂಗತೊಡಗಿದರೆ ಮಾತ್ರ ಸಾಕ್ ಫಿಲ್ಟರ್ (ಪಂಪ್ ಪೆಟ್ರೋಲ್ ಹೀರುವ ಬಾಯಿಗೆ ತೊಡಿಸಿದ ಬಲೆಯ ಚೀಲ) ಕಟ್ಟಿಕೊಂಡಿದೆಯೇ ನೋಡಬೇಕು. ಹಲ್ಲುಗಳ ನಡುವಿನ ಸಂದು ತೀರಾ ಕಿರಿದು, ಕಸ ಇದಕ್ಕೆ ಆಗದು.

ದೊಡ್ಡ ಅನುಕೂಲವೆಂದರೆ ವಿದ್ಯುತ್: ಬೂಸ್ಟ್‌ನಲ್ಲೂ 8ರಿಂದ 10 ಆಂಪಿಯರ್. ಕಂಪನಿಯ ವೈರಿಂಗ್ ಚೆನ್ನಾಗಿದ್ದರೆ ಅದರಲ್ಲೇ ನಡೆಯುತ್ತದೆ. 39 ಮಿ.ಮೀ. ದೇಹವಾದ್ದರಿಂದ ಹ್ಯಾಂಗರ್‌ನಲ್ಲಿ (ಟ್ಯಾಂಕ್‌ನೊಳಗೆ ಪಂಪ್ ಹಿಡಿದಿಡುವ ಚೌಕಟ್ಟು) ತಿದ್ದುಪಡಿ ಇಲ್ಲದೆ ಅಥವಾ ಅಲ್ಪ ತಿದ್ದುಪಡಿಯಲ್ಲಿ ಕೂರುತ್ತದೆ. ಇ85ಗೆ ಇದನ್ನು ಹಾಕಬಾರದು. ಎಥನಾಲ್‌ನಲ್ಲಿ ತಾಮ್ರದ ಕಮ್ಯುಟೇಟರ್ (ಮೋಟರ್‌ನ ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ಭಾಗ) ಸವೆದುಹೋಗುತ್ತದೆ, ಎಥನಾಲ್‌ಗೆಂದು ಮಾಡಿದ ಪಂಪ್‌ಗಳಲ್ಲಿ ಕಾರ್ಬನ್ ಕಮ್ಯುಟೇಟರ್ ಇರುವುದು ಅದಕ್ಕೇ. ಇನ್ನೊಂದು ತೊಡಕು: ಈ ಮಾದರಿಯ ನಕಲಿಗಳು ವಿಪರೀತ. ಹೊರನೋಟಕ್ಕೆ ಗೊತ್ತೇ ಆಗದು, ನಂಬಿಕೆಯ ಕಡೆಯಿಂದ ಮಾತ್ರ ತರಬೇಕು.

340: ಬಹುಪಾಲು ಕಾರುಗಳಿಗೆ ಇದೇ

ಡಿಡಬ್ಲ್ಯೂ300 ಟರ್ಬೈನ್ ಮಾದರಿ. ಹಲ್ಲುಗಳ ಬದಲು ರೆಕ್ಕೆಯಂಚಿನ ಚಕ್ರ, ಹಾಗಾಗಿ ಸದ್ದು ಕಂಪನಿಯ ಪಂಪ್‌ಗಿಂತ ತುಸು ಹೆಚ್ಚು ಅಷ್ಟೇ. ಎಂಜಿನ್ ಚಾಲೂ ಆದಮೇಲೆ ಕಿವಿಗೊಟ್ಟರೂ ಕೇಳಿಸದು. ಎಳೆಯುವ ವಿದ್ಯುತ್ 11ರಿಂದ 13 ಆಂಪಿಯರ್. ಇ85ಗೂ ಆಗುತ್ತದೆ. 400 ಹಾರ್ಸ್‌ಪವರ್ ಇ85ನಲ್ಲಿ ಬೇಕೆಂದರೆ ಮೇಲಿನ ಲೆಕ್ಕದಲ್ಲಿ 240–250 ಲೀಟರ್, ಅದನ್ನು ಇದು ಕೊಡಬಲ್ಲದು, ವೈರಿಂಗ್ ಸರಿಮಾಡಿಕೊಂಡರೆ. 450ಕ್ಕೆ ಮನಸ್ಸು ಎಳೆಯುವವರು ಮೊದಲು ತಮ್ಮ ಟರ್ಬೊ ಎಷ್ಟು ಗಾಳಿ ಊದಬಲ್ಲದು ಎಂದು ನೋಡಲಿ. ಕಂಪನಿಯ ಟರ್ಬೊ ಇರುವ ಕಾರಿಗೆ 450 ಹಾಕುವುದು ಮನೆಯ ನಲ್ಲಿಗೆ ಕೊಳವೆಬಾವಿಯ ಮೋಟರ್ ಜೋಡಿಸಿದಂತೆ.

450: ಪಂಪ್ ಒಂದೇ ಬರುವುದಿಲ್ಲ

ಎಫ್90000267 ಹರಿವಿನಲ್ಲಿ ನಿರಾಳ, ಇ85ಗೆಂದೇ ಮಾಡಿದ್ದು. ಆದರೆ ಅದರ ಹಿಂದೆಯೇ ಮೂರು ಕೆಲಸಗಳು ಬರುತ್ತವೆ.

ಮೊದಲನೆಯದು ಜಾಗ. ಮೇಲ್ಭಾಗ 39 ಮಿ.ಮೀ. ಇದ್ದರೂ ಬುಡ 50 ಮಿ.ಮೀ. ಅಗಲ. ಹ್ಯಾಂಗರ್‌ನ ತಳದ ಬಟ್ಟಲು ಕತ್ತರಿಸದೆ ಕೂರುವುದು ಅಪರೂಪ, ಸಾಕ್ ಫಿಲ್ಟರ್ ಕೂಡ ಬೇರೆ ಆಕಾರದ್ದು.

ಎರಡನೆಯದು ವಿದ್ಯುತ್. ಬೂಸ್ಟ್‌ನಲ್ಲಿ 15 ಆಂಪಿಯರ್ ದಾಟುತ್ತದೆ. ಕಂಪನಿಯ ವೈರ್ 1 ಚದರ ಮಿ.ಮೀ. ಇದೆ, ಬ್ಯಾಟರಿಯಿಂದ ಪಂಪ್‌ಗೆ 5 ಮೀಟರ್ ಎಂದಿಟ್ಟುಕೊಳ್ಳಿ. ಪ್ರತಿರೋಧ 0.0875 ಓಮ್. 16 ಆಂಪಿಯರ್ ಹರಿದರೆ 1.4 ವೋಲ್ಟ್ ವೈರಿನಲ್ಲೇ ಸೋರಿಹೋಯಿತು, ಕನೆಕ್ಟರ್ ಮತ್ತು ಅರ್ತ್‌ನ ನಷ್ಟ ಬೇರೆ. 4 ಚದರ ಮಿ.ಮೀ. ವೈರ್ ಎಳೆದರೆ ಅದೇ ನಷ್ಟ 0.35 ವೋಲ್ಟ್‌ಗೆ ಇಳಿಯುತ್ತದೆ. ಡಬ್ಲ್ಯೂಆರ್‌ಎಕ್ಸ್‌ನಲ್ಲಿ ಪಂಪ್‌ನ ವೇಗವನ್ನು ಮೂರು ಹಂತದಲ್ಲಿ ಇಳಿಸಿ ಏರಿಸುವ ಕಂಟ್ರೋಲರ್ ಬೇರೆ ಇದೆ. ಇಷ್ಟು ಆಂಪಿಯರ್ ಅದಕ್ಕೆ ಹೊರೆ, ಬಿಸಿಯಾಗಿ ಸುಟ್ಟುಹೋಗಬಹುದು. ಹಾಗಾಗಿ ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿಯ ಪಕ್ಕದಲ್ಲೇ 25 ಅಥವಾ 30 ಆಂಪಿಯರ್ ಫ್ಯೂಸ್, 40 ಆಂಪಿಯರ್ ರಿಲೇ, ಟ್ಯಾಂಕ್‌ನ ಹತ್ತಿರ ಬಣ್ಣ ಕೆರೆದ ಲೋಹಕ್ಕೆ ಅರ್ತ್. ರಿಲೇಯ ಸಿಗ್ನಲ್ ಮಾತ್ರ ಮೂಲ ಪಂಪ್ ಸರ್ಕ್ಯೂಟ್‌ನಿಂದ ಬರಬೇಕು. ಎಂಜಿನ್ ನಿಂತಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪಂಪ್ ನಿಲ್ಲಿಸುವುದು ಅಪಘಾತದಲ್ಲಿ ಬೆಂಕಿ ತಡೆಯಲು, ಅದನ್ನು ಬೈಪಾಸ್ ಮಾಡಬಾರದು. ಸಿಗ್ನಲ್ ಕಂಟ್ರೋಲರ್ ದಾಟಿದ ಮೇಲಿನ ವೈರ್‌ನಿಂದ ತೆಗೆದರೆ ರಿಲೇ ಗಡಗಡ ನಡುಗುತ್ತದೆ, ಕಂಟ್ರೋಲರ್‌ಗೂ ಮುಂಚಿನ ವೈರ್ ಹಿಡಿಯಿರಿ.

ಮೂರನೆಯದು ರಿಟರ್ನ್. ಎಂಜಿನ್ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಗಂಟೆಗೆ ಒಂದೆರಡು ಲೀಟರ್ ಮಾತ್ರ ಕುಡಿಯುತ್ತದೆ, ಪಂಪ್ ನಿಮಿಷಕ್ಕೆ 7.5 ಲೀಟರ್ ತಳ್ಳುತ್ತದೆ. ಉಳಿದದ್ದೆಲ್ಲ ಕಂಪನಿಯ ಸಣ್ಣ ರೆಗ್ಯುಲೇಟರ್ ಮತ್ತು ತೆಳು ರಿಟರ್ನ್ ಪೈಪಿನಲ್ಲಿ ನುಗ್ಗಬೇಕು. ಮಡಿಕೆಯ ಟ್ಯಾಂಕ್‌ನಲ್ಲಿ ಈ ಹಿಂತಿರುಗುವ ಹರಿವೇ ಸಣ್ಣ ಜೆಟ್ ಮೂಲಕ ಆಚೆ ಬದಿಯ ಪೆಟ್ರೋಲನ್ನು ಎಳೆದು ತರುತ್ತದೆ, ಆ ಜೆಟ್ ಕೂಡ ಇಕ್ಕಟ್ಟೇ. ಕಡೆಗೆ 3 ಬಾರ್ ಇರಬೇಕಾದ ಒತ್ತಡ 3.5ಕ್ಕೆ ಏರಿ ನಿಲ್ಲುತ್ತದೆ. ಇಂಜೆಕ್ಟರ್ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ, ಅಂದರೆ ಶೇ. 8 ಹೆಚ್ಚು: ಐಡಲ್‌ನಲ್ಲಿ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು), ಪೆಟ್ರೋಲ್ ವಾಸನೆ, ಕರಿ ಹಿಡಿದ ಪ್ಲಗ್. ಇದನ್ನು ಟ್ಯೂನ್‌ನಲ್ಲಿ (ಇಸಿಯುವಿನ ಸೆಟ್ಟಿಂಗ್) ಮುಚ್ಚಲು ಹೋಗಬೇಡಿ, ದೊಡ್ಡ ರೆಗ್ಯುಲೇಟರ್ ಹಾಕಿ. ಜೆಟ್ ಕಿತ್ತೆಸೆದರೆ ಒತ್ತಡ ಸರಿಯಾಗುತ್ತದೆ, ಆದರೆ ಟ್ಯಾಂಕ್‌ನ ಆಚೆ ಬದಿಯ ಪೆಟ್ರೋಲ್ ಅಲ್ಲೇ ಉಳಿದು, ಮೀಟರ್ ಕಾಲು ತೋರಿಸುವಾಗಲೇ ಕಾರು ನಿಲ್ಲುತ್ತದೆ.

ಕೂರಿಸುವಾಗ ಕೈ ತಪ್ಪುವ ಜಾಗಗಳು

ಟ್ಯಾಂಕ್ ಕಾಲಿಗಿಂತ ಕಡಿಮೆ ಇರಲಿ. ಪಂಪ್ ಫ್ಯೂಸ್ ತೆಗೆದು ಎಂಜಿನ್ ಓಡಿಸಿ, ತಾನೇ ನಿಂತಾಗ ಲೈನ್‌ನ ಒತ್ತಡ ಇಳಿದಿರುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಬಾಗಿಲುಗಳೆಲ್ಲ ತೆರೆದಿರಲಿ. ಮುಚ್ಚಳದ ಸುತ್ತಲಿನ ಧೂಳನ್ನು ಬಿಚ್ಚುವ ಮೊದಲೇ ಒರೆಸಬೇಕು, ಆಮೇಲೆ ಒರೆಸಿದರೆ ಟ್ಯಾಂಕ್‌ಗೇ ಬೀಳುತ್ತದೆ.

ಪಂಪ್‌ನಿಂದ ಹ್ಯಾಂಗರ್‌ಗೆ ಹೋಗುವ ಆರೇಳು ಸೆಂ.ಮೀ. ಹೋಸ್‌ನಲ್ಲೇ ಹೆಚ್ಚಿನವರು ಎಡವುವುದು. ಎಸ್‌ಎಇ ಜೆ30 ಆರ್10 ದರ್ಜೆಯದ್ದೇ ಬೇಕು, ಅದು ಪೆಟ್ರೋಲ್‌ನಲ್ಲಿ ಮುಳುಗಿರಲೆಂದೇ ಮಾಡಿದ್ದು. ಆರ್9 ಹೋಸ್ ಒಳಗಿನಿಂದ ಪೆಟ್ರೋಲ್ ತಡೆಯುತ್ತದೆ, ಹೊರಮೈ ಮುಳುಗಿದರೆ ಮೆತ್ತಗಾಗಿ ಬಿರಿಯುತ್ತದೆ. ಬಿರುಕು ಟ್ಯಾಂಕ್‌ನೊಳಗೇ ಇರುವುದರಿಂದ ಹೊರಗೆ ಹನಿಯೂ ಕಾಣದು. ಐಡಲ್ ಸರಿ, ನಿಧಾನ ಓಟ ಸರಿ, ಬೂಸ್ಟ್‌ನಲ್ಲಿ ಮಾತ್ರ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ). ಪಂಪೇ ಸತ್ತಿತೆಂದು ಹೊಸದು ಹಾಕಿ, ಅದೇ ಹೋಸ್ ಮತ್ತೆ ಜೋಡಿಸುವವರೂ ಇದ್ದಾರೆ.

ವೈರ್ ಕೂಡಿಸಲು ಕ್ರಿಂಪ್ ಮಾಡಿ. ಪ್ಲಾಸ್ಟಿಕ್ ಟೇಪ್‌ನ ಅಂಟು ಪೆಟ್ರೋಲ್‌ನಲ್ಲಿ ಕರಗಿ ಸಾಕ್ ಫಿಲ್ಟರ್‌ಗೆ ಮೆತ್ತಿಕೊಳ್ಳುತ್ತದೆ. ಪ್ಲಸ್–ಮೈನಸ್ ಅದಲುಬದಲಾದರೆ ಪಂಪ್ ತಿರುಗುವ ಸದ್ದು ಬರುತ್ತದೆ, ಒತ್ತಡ ಬರುವುದಿಲ್ಲ. ಸಾಕ್ ಟ್ಯಾಂಕ್‌ನ ತಳಕ್ಕೆ ಮಟ್ಟಸವಾಗಿ ಒರಗಬೇಕು, ಮಡಿಚಿಕೊಂಡರೆ ಪಂಪ್ ಗುಳ್ಳೆ ಹೀರುತ್ತದೆ. ಒ-ರಿಂಗ್ ಹೊಸದೇ ಇರಲಿ, ನಟ್‌ಗಳನ್ನು ಎದುರುಬದುರಾಗಿ, ಮ್ಯಾನ್ಯುಯಲ್‌ನ ಟಾರ್ಕ್‌ಗೆ ಬಿಗಿಯಿರಿ.

ಅಳೆದು ನೋಡುವುದು

ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ತೆಗೆದು ಅದರ ಬಾಯಿ ಮುಚ್ಚಿ, ಐಡಲ್‌ನಲ್ಲಿ ಒತ್ತಡ ನೋಡಿ. ಹಳೆಯ ಪಂಪ್ ಇದ್ದಾಗಿನ ಅಂಕಿಯೇ ಬರಬೇಕು. ಬರದಿದ್ದರೆ ರೆಗ್ಯುಲೇಟರ್ ಸೋತಿದೆ. ಆಮೇಲೆ ಹೋಸ್ ಸಿಕ್ಕಿಸಿ, ಲೋಡ್‌ನಲ್ಲಿ ಬೂಸ್ಟ್ ಮತ್ತು ಇಂಧನದ ಒತ್ತಡ ಎರಡನ್ನೂ ಲಾಗ್ ಮಾಡಿ. ಬೂಸ್ಟ್ 1.3 ಬಾರ್ ಇದ್ದಾಗ ರೇಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಪೈಪು) 4.3 ಇರಬೇಕು. 3.8ಕ್ಕೆ ನಿಂತಿದ್ದರೆ ಇಂಜೆಕ್ಟರ್‌ನ ಎರಡು ಬದಿಯ ವ್ಯತ್ಯಾಸ 2.5 ಮಾತ್ರ, ಶೇ. 9ರಷ್ಟು ಇಂಧನ ಕಡಿಮೆ, ನಾಕಿಂಗ್‌ಗೆ (ಸಿಲಿಂಡರ್‌ನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು) ಅಷ್ಟೇ ಸಾಕು. ಆಗ ಪಂಪ್ ಬದಲಿಸಲು ಓಡುವ ಮೊದಲು, ಅದೇ ಲೋಡ್‌ನಲ್ಲಿ ಹ್ಯಾಂಗರ್ ಮುಚ್ಚಳದ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. 12.5ಕ್ಕಿಂತ ಕೆಳಗಿದ್ದರೆ ದೋಷ ವೈರಿನದು, 13ರ ಮೇಲಿದ್ದರೆ ಫಿಲ್ಟರ್, ಹೋಸ್, ಪಂಪ್ ಈ ಕ್ರಮದಲ್ಲಿ ನೋಡುತ್ತಾ ಹೋಗಿ.